ಸ್ಪೀಕರೇ ಇಲ್ಲದ ಕಂಪ್ಯೂಟರ್ ಹಾಡಿದ್ದು ಹೇಗೆ? 1975ರ ಆಲ್ಟೇರ್ ಸಂಗೀತದ ಅಸಲಿ ಕಥೆ

ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದ ಕೂಡಲೇ ನಡುಮನೆಯ ರೇಡಿಯೋದಲ್ಲಿ ಬರುತ್ತಿದ್ದ ವಾರ್ತೆ ಮುಳುಗಿಹೋಗಿ ‘ಗರ್‌ರ್’ ಎಂಬ ಸದ್ದು ಬರುತ್ತಿದ್ದುದು ನಿಮಗೆ ನೆನಪಿದೆಯೇ? ಟ್ಯೂಬ್‌ಲೈಟ್ ಹಾಕಿದರೆ ‘ಚಟಪಟ’, ಮಿಂಚು ಹೊಡೆದರೆ ‘ಕರ್‌ಕರ್’. ಮನೆಯ ಹಿರಿಯರು ಇದಕ್ಕೆ ಇಟ್ಟ ಹೆಸರು ಒಂದೇ, ‘ಡಿಸ್ಟರ್ಬೆನ್ಸ್’.

ಇದೇ ಡಿಸ್ಟರ್ಬೆನ್ಸನ್ನು ಹಿಡಿದು ಒಬ್ಬ ಹವ್ಯಾಸಿ ಹಾಡು ನುಡಿಸಿದ ಕಥೆ ಇದು. ಯಂತ್ರಕ್ಕೆ ಸ್ಪೀಕರ್ ಇರಲಿಲ್ಲ, ಪರದೆ ಇರಲಿಲ್ಲ, ಕೀಬೋರ್ಡೂ ಇರಲಿಲ್ಲ. ಆದರೂ ಹಾಡು ಬಂತು. ಇಂಥ ಕಥೆಗಳು ಮೊಬೈಲಿನಿಂದ ಮೊಬೈಲಿಗೆ ಹಾರುವಾಗ ಬಾಲ ಬೆಳೆಸಿಕೊಳ್ಳುತ್ತವೆ. ‘ಪ್ರಪಂಚದಲ್ಲೇ ಮೊದಲ ಬಾರಿಗೆ ಕಂಪ್ಯೂಟರ್ ಹಾಡಿದ ದಿನ’, ‘ಯಾರೂ ಮುಟ್ಟದೆ ತಾನಾಗಿಯೇ ಹಾಡಿದ ಯಂತ್ರ’ ಎಂಬ ಒಕ್ಕಣೆಯೊಂದಿಗೆ ಇದು ನಿಮ್ಮ ಗುಂಪಿಗೂ ಬಂದರೆ ಎಷ್ಟನ್ನು ನಂಬಬೇಕು? ಬನ್ನಿ, ನೋಡೋಣ.

ಯಾರು ಈ ಹವ್ಯಾಸಿ?

ಹೆಸರು ಸ್ಟೀವ್ ಡೊಂಪಿಯರ್. ಊರು ಅಮೆರಿಕದ ಕ್ಯಾಲಿಫೋರ್ನಿಯಾ. 1975ರ ಜನವರಿ ತಿಂಗಳ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯ ಮುಖಪುಟದಲ್ಲಿ ಒಂದು ಪೆಟ್ಟಿಗೆಯ ಚಿತ್ರ ಬಂದಿತ್ತು. ಅದರ ಹೆಸರು ‘ಆಲ್ಟೇರ್ 8800’. ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿ ಊರಿನ ಮಿಟ್ಸ್ ಎಂಬ ಸಣ್ಣ ಕಂಪನಿ ಅದನ್ನು ಬಿಡಿಭಾಗಗಳ ಕಿಟ್ ಆಗಿ 397 ಡಾಲರಿಗೆ ಮಾರುತ್ತಿತ್ತು. ಅಲ್ಲಿಯವರೆಗೆ ಕಂಪ್ಯೂಟರ್ ಎಂದರೆ ಸರ್ಕಾರ, ವಿಶ್ವವಿದ್ಯಾಲಯ, ದೊಡ್ಡ ಕಂಪನಿಗಳ ಹವಾನಿಯಂತ್ರಿತ ಕೋಣೆಯ ಸೊತ್ತು. ಮನೆಯಲ್ಲಿ ಸ್ವಂತಕ್ಕೊಂದು ಎಂದರೆ ಹುಚ್ಚಿನ ಮಾತು. ಆ ಹುಚ್ಚಿರುವವರು ಸಾವಿರಗಟ್ಟಲೆ ಇದ್ದಾರೆಂದು ಮಿಟ್ಸ್‌ನವರಿಗೂ ಗೊತ್ತಿರಲಿಲ್ಲ. ಆರ್ಡರುಗಳು ಬಂದ ವೇಗಕ್ಕೆ ಅವರು ತತ್ತರಿಸಿಹೋದರು.

ಡೊಂಪಿಯರ್ ಅವರೂ ದುಡ್ಡು ಕಳಿಸಿ ಕಾದರು. ಕಾದು ಸಾಕಾಗಿ, ತನ್ನ ಪೆಟ್ಟಿಗೆ ಎಲ್ಲಿಗೆ ಬಂತೆಂದು ನೋಡಲು ಆಲ್ಬುಕರ್ಕಿಗೇ ಹೋಗಿಬಂದರು. ಆರ್ಡರ್ ಟ್ರ್ಯಾಕ್ ಮಾಡುವ ಆಪ್ ಇಲ್ಲದ ಕಾಲ, ಟ್ರ್ಯಾಕ್ ಮಾಡಬೇಕಾದರೆ ಆಸಾಮಿಯೇ ಹೋಗಬೇಕಿತ್ತು! ಅಲ್ಲಿ ಕಂಡದ್ದನ್ನು 1975ರ ಮಾರ್ಚ್ 5ರಂದು ಮೆನ್ಲೋ ಪಾರ್ಕ್ ಎಂಬಲ್ಲಿ ಗಾರ್ಡನ್ ಫ್ರೆಂಚ್ ಅವರ ಮನೆಯ ಗ್ಯಾರೇಜಿನಲ್ಲಿ ಸೇರಿದ್ದವರಿಗೆ ಹೇಳಿದರು. ಆ ಗುಂಪೇ ಮುಂದೆ ‘ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್’ ಎಂದು ಪ್ರಸಿದ್ಧವಾಯಿತು. ಮುಂದೆ ಆಪಲ್ ಕಂಪನಿ ಕಟ್ಟಿದ ಸ್ಟೀವ್ ವೋಜ್ನಿಯಾಕ್ ಕೂಡ ಆವತ್ತು ಆ ಗ್ಯಾರೇಜಿನಲ್ಲಿದ್ದರು.

ಕಿಟ್ ಕೈಗೆ ಬಂದ ಮೇಲೆ ಬೆಸುಗೆ ಹಾಕಿ ಜೋಡಿಸುವ ಕೆಲಸ ಕೊಂಡವರದ್ದೇ. ಜೋಡಿಸಿದ ಮೇಲೆ ಸಿಗುತ್ತಿದ್ದುದು ಏನು? ಮುಂಭಾಗದಲ್ಲಿ ಸಾಲಾಗಿ ಸ್ವಿಚ್ಚುಗಳು, ಸಾಲಾಗಿ ಕೆಂಪು ದೀಪಗಳು. ಅಷ್ಟೇ. ಮೂಲ ಕಿಟ್ಟಿನಲ್ಲಿದ್ದ ಮೆಮೊರಿ 256 ಬೈಟ್. ಜಿಬಿ ಅಲ್ಲ, ಎಂಬಿ ಅಲ್ಲ, ಕೆಬಿ ಕೂಡ ಅಲ್ಲ. ಇದು ಎಷ್ಟೆಂದು ಅಂದಾಜಿಗೆ ಸಿಗಬೇಕಾದರೆ ಒಂದು ಲೆಕ್ಕ ಮಾಡಿ. ಇಂದಿನ ಫೋನಿನಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಕೊಂಬು, ಗುಡಿಸುಗಳಿಗೂ ತಲಾ 3 ಬೈಟ್ ಬೇಕು. ‘ಶುಭೋದಯ’ ಎಂಬ ಪದಕ್ಕೆ 18 ಬೈಟ್. ಅಂದರೆ ಮೂಲ ಆಲ್ಟೇರಿನ ಇಡೀ ನೆನಪಿನಲ್ಲಿ ನೀವು ‘ಶುಭೋದಯ’ ಎಂದು 14 ಸಲ ಬರೆಯಬಹುದಿತ್ತು. ಹದಿನೈದನೆಯದಕ್ಕೆ ಜಾಗವಿಲ್ಲ. ಹೂವಿನ ಚಿತ್ರದ ಮಾತಂತೂ ಬಿಡಿ.

ಹವಾಮಾನ ವರದಿಯ ನಡುವೆ ಬಂದ ‘ಝಿಪ್’ ಸದ್ದು

ಇಂಥ ಯಂತ್ರದಿಂದ ಮಾಡುವುದೇನು? ಈ ಪ್ರಶ್ನೆ ಕ್ಲಬ್ಬಿನ ಎಲ್ಲರಿಗೂ ಇತ್ತು. ದೀಪ ಮಿನುಗಿಸಬಹುದು, ಸಂಖ್ಯೆ ಕೂಡಿಸಬಹುದು. ಡೊಂಪಿಯರ್ ಅವರು ಒಂದು ದಿನ ಸಂಖ್ಯೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ವಿಂಗಡಿಸುವ ಪ್ರೋಗ್ರಾಮ್ ಓಡಿಸುತ್ತಿದ್ದರು. ಪಕ್ಕದಲ್ಲಿ ರೇಡಿಯೋ ಹಾಕಿಟ್ಟು ಹವಾಮಾನ ವರದಿ ಕೇಳುತ್ತಿದ್ದರು. ಕಂಪ್ಯೂಟರ್ ವಿಂಗಡಣೆ ಶುರು ಮಾಡಿದಾಗಲೆಲ್ಲ ರೇಡಿಯೋದಲ್ಲಿ ‘ಝಿಪ್, ಝಿಪ್’ ಎಂಬ ಸದ್ದು.

ನಾವಾಗಿದ್ದರೆ ಏನು ಮಾಡುತ್ತಿದ್ದೆವು? ರೇಡಿಯೋವನ್ನು ಒಂದು ಗುದ್ದು ಗುದ್ದಿ ದೂರ ಇಡುತ್ತಿದ್ದೆವು. ಅವರು ಹಾಗೆ ಮಾಡಲಿಲ್ಲ. ಬೇರೆ ಬೇರೆ ಪ್ರೋಗ್ರಾಮ್ ಹಾಕಿ, ಯಾವುದಕ್ಕೆ ಯಾವ ಸದ್ದು ಬರುತ್ತದೆಂದು ಕೇಳುತ್ತಾ ಕೂತರು. ಪ್ರೋಗ್ರಾಮಿನ ಒಂದು ಸುತ್ತು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೋ ಅದರ ಮೇಲೆ ಸ್ವರ ನಿಂತಿದೆ ಎಂಬುದು ತಿಳಿಯಿತು. ಆಮೇಲೆ ಯಾವ ಸಂಖ್ಯೆಗೆ ಯಾವ ಸ್ವರ ಎಂದು ಪಟ್ಟಿ ಮಾಡಿಕೊಂಡರು. ಆ ರೇಡಿಯೋ ಅವರ ಕಂಪ್ಯೂಟರಿಗೆ ಸಿಕ್ಕ ಮೊದಲ ಹೆಚ್ಚುವರಿ ಸಾಧನವಾಯಿತು. ಎರಡರ ನಡುವೆ ಒಂದು ವೈರ್ ಕೂಡ ಇರಲಿಲ್ಲ.

ಶಾಲೆಯ ಕೋಣೆಯಲ್ಲಿ ನಡೆದದ್ದು

1975ರ ಏಪ್ರಿಲ್‌ನಲ್ಲಿ ಕ್ಲಬ್ಬಿನ ಸಭೆ ಮೆನ್ಲೋ ಪಾರ್ಕಿನ ಪೆನಿನ್ಸುಲಾ ಸ್ಕೂಲಿನಲ್ಲಿ ಸೇರಿತು. ಡೊಂಪಿಯರ್ ಆಲ್ಟೇರನ್ನು ಹೊತ್ತು ತಂದರು. ಕೋಣೆಯ ಪ್ಲಗ್ಗಿನಲ್ಲಿ ಕರೆಂಟ್ ಇರಲಿಲ್ಲ. ಎಕ್ಸ್‌ಟೆನ್ಶನ್ ವೈರ್ ಹಾಕಿ ಮಹಡಿಯಿಂದ ಕರೆಂಟ್ ಎಳೆದರು.

ಈಗ ಪ್ರೋಗ್ರಾಮನ್ನು ಒಳಗೆ ಹಾಕಬೇಕು. ಪೆನ್‌ಡ್ರೈವ್ ಇಲ್ಲ, ಕ್ಯಾಸೆಟ್ ಕೂಡ ಇಲ್ಲ. ಒಂದು ಬೈಟ್ ಹಾಕಲು ಎಂಟು ಸ್ವಿಚ್ಚುಗಳನ್ನು ಮೇಲೆ ಅಥವಾ ಕೆಳಗೆ ಇಟ್ಟು, ಇನ್ನೊಂದು ಸ್ವಿಚ್ ಒತ್ತಿ ‘ಇದನ್ನು ನೆನಪಿಟ್ಟುಕೋ’ ಎನ್ನಬೇಕು. ಮತ್ತೆ ಮುಂದಿನ ಬೈಟ್. ಹೀಗೇ ನೂರಾರು ಸಲ. ಒಂದು ಸ್ವಿಚ್ ತಪ್ಪಿದರೂ ಹಾಡು ಕೆಡುತ್ತದೆ. ಬೆರಳು ನೋಯುವಷ್ಟು ಹೊತ್ತು ಕೂತು ಎಲ್ಲ ಹಾಕಿ ಮುಗಿಸುತ್ತಿದ್ದಂತೆ, ಓಡಾಡಿಕೊಂಡಿದ್ದ ಮಕ್ಕಳು ವೈರನ್ನು ಎಡವಿದರು. ಪ್ಲಗ್ ಕಿತ್ತುಬಂತು. ಕರೆಂಟ್ ಹೋದರೆ ಆ ಮೆಮೊರಿಯಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಮೊದಲಿನಿಂದ ಎಲ್ಲವನ್ನೂ ಮತ್ತೆ ಹಾಕಿದರು. (ಕರೆಂಟ್ ಹೋಗಿ ಸೇವ್ ಮಾಡದ ಫೈಲ್ ಕಳೆದುಕೊಂಡವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ.)

ಕೊನೆಗೆ ಒಂದು ಸಣ್ಣ ರೇಡಿಯೋವನ್ನು ಆಲ್ಟೇರಿನ ಬಳಿ ಇಟ್ಟು ಎಲ್ಲರನ್ನೂ ಸುಮ್ಮನಿರಿಸಿದರು. ರೇಡಿಯೋದಿಂದ ಬೀಟಲ್ಸ್ ತಂಡದ 1967ರ ‘ದಿ ಫೂಲ್ ಆನ್ ದಿ ಹಿಲ್’ ಹಾಡಿನ ರಾಗ ಹೊರಬಂತು. ಹಾಡು ಮುಗಿದು ಚಪ್ಪಾಳೆ ಏಳುತ್ತಿದ್ದಂತೆ, ಯಾರೂ ಏನೂ ಮುಟ್ಟದೆ, ಇನ್ನೊಂದು ರಾಗ ಶುರುವಾಯಿತು. ಅದು ‘ಡೇಸಿ ಬೆಲ್’, 1892ರಲ್ಲಿ ಹ್ಯಾರಿ ಡಾಕ್ರೆ ಬರೆದ ಹಳೆಯ ಇಂಗ್ಲಿಷ್ ಹಾಡು. ಅಲ್ಲಿದ್ದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು.

‘ತಾನಾಗಿಯೇ ಹಾಡಿದ ಯಂತ್ರ’ ಎಂಬ ಮಾತು ಬರುವುದಾದರೆ ಇಲ್ಲಿಂದಲೇ ಬರಬೇಕು. ಎರಡನೆಯ ಹಾಡಿನ ಸಂಖ್ಯೆಗಳನ್ನೂ ಅವರು ಮೊದಲೇ ಮೆಮೊರಿಗೆ ಹಾಕಿಟ್ಟಿದ್ದರು. ಆದ್ದರಿಂದ ಅದರಲ್ಲಿ ಪವಾಡವೇನೂ ಇಲ್ಲ. ಆದರೆ ಹಾಡಿನ ಆಯ್ಕೆಯಲ್ಲೊಂದು ತುಂಟತನವಿತ್ತು. 1961ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ದೊಡ್ಡ ಐಬಿಎಂ ಕಂಪ್ಯೂಟರ್ ಕೃತಕ ಧ್ವನಿಯಲ್ಲಿ ಹಾಡಿದ್ದು ಇದೇ ಹಾಡನ್ನು. 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರದಲ್ಲಿ ಸಾಯುತ್ತಿರುವ ಕಂಪ್ಯೂಟರ್ ಹಾಡುವುದೂ ಇದನ್ನೇ. ಕೋಟಿಗಟ್ಟಲೆ ಬೆಲೆಯ ಯಂತ್ರದ ಹಾಡನ್ನು ಈಗ 397 ಡಾಲರಿನ ಪೆಟ್ಟಿಗೆ ನುಡಿಸುತ್ತಿತ್ತು. ಕೋಣೆಯಲ್ಲಿದ್ದವರಿಗೆ ಅದರ ಅರ್ಥ ಹೇಳಿಕೊಡಬೇಕಾಗಿರಲಿಲ್ಲ.

ಸರಿ, ಸ್ಪೀಕರಿಲ್ಲದೆ ಸದ್ದು ಬಂದದ್ದು ಹೇಗೆ?

ಮೊದಲು ಒಂದು ಸರಳ ಸಂಗತಿ. ವೈರಿನಲ್ಲಿ ವಿದ್ಯುತ್ ಏರಿಳಿದಾಗಲೆಲ್ಲ ಸುತ್ತ ರೇಡಿಯೋ ಅಲೆ ಹುಟ್ಟುತ್ತದೆ. ಮಿಕ್ಸಿಯ ಮೋಟರಿನಲ್ಲಿ ಕಿಡಿ ಹಾರಿದಾಗ ಆಗುವುದೂ ಇದೇ. ಕಂಪ್ಯೂಟರಿನ ಒಳಗೆ ವಿದ್ಯುತ್ತು ಸೆಕೆಂಡಿಗೆ ಲಕ್ಷಾಂತರ ಸಲ ‘ಇದೆ’, ‘ಇಲ್ಲ’ ಎಂದು ಫಟ್ಟನೆ ಬದಲಾಗುತ್ತಿರುತ್ತದೆ. ಹೀಗೆ ಥಟ್ಟನೆ ಬದಲಾಗುವ ವಿದ್ಯುತ್ತು ಒಂದೇ ತರಂಗಾಂತರದಲ್ಲಿ ಅಲ್ಲ, ಹತ್ತಾರು ಕಡೆ ಅಲೆ ಚೆಲ್ಲುತ್ತದೆ. ಎಎಂ ರೇಡಿಯೋ ಹಿಡಿಯುವ ಜಾಗದಲ್ಲೂ ಚೆಲ್ಲುತ್ತದೆ. ಆಲ್ಟೇರಿನ ಬೋರ್ಡುಗಳನ್ನು ಜೋಡಿಸುತ್ತಿದ್ದ 100 ಗೆರೆಗಳ ಉದ್ದನೆಯ ಮಾರ್ಗಕ್ಕೆ ಹೊದಿಕೆ ಏನೂ ಇರಲಿಲ್ಲ. ಅದು ತನಗೇ ಗೊತ್ತಿಲ್ಲದೆ ಒಂದು ಸಣ್ಣ ಆಂಟೆನಾ ಆಗಿತ್ತು.

ಎಎಂ ರೇಡಿಯೋ ಮಾಡುವ ಕೆಲಸ ಒಂದೇ. ಬಂದ ಅಲೆಯ ಬಲ ಹೆಚ್ಚುಕಡಿಮೆ ಆಗುವುದನ್ನು ಸದ್ದಾಗಿ ಬದಲಿಸುವುದು. ಆ ಅಲೆ ಆಕಾಶವಾಣಿಯದೋ ಕಂಪ್ಯೂಟರಿನದೋ ಎಂದು ಅದು ಕೇಳುವುದಿಲ್ಲ. ಕಂಪ್ಯೂಟರ್ ಒಂದೇ ಕೆಲಸವನ್ನು ಸೆಕೆಂಡಿಗೆ 440 ಸಲ ಸುತ್ತಿ ಸುತ್ತಿ ಮಾಡಿದರೆ ಅಲೆಯ ಬಲವೂ 440 ಸಲ ಏರಿಳಿಯುತ್ತದೆ. ನಮ್ಮ ಕಿವಿಗೆ ಅದೇ ಒಂದು ಸ್ವರ. ಸುತ್ತನ್ನು ಅರ್ಧಕ್ಕೆ ಇಳಿಸಿದರೆ ಸೆಕೆಂಡಿಗೆ 880 ಸಲ. ಸ್ವರ ಅದೇ, ಸ್ಥಾಯಿ ಮೇಲೆ ಹೋಗುತ್ತದೆ. ಮಧ್ಯ ಷಡ್ಜದಿಂದ ತಾರ ಷಡ್ಜಕ್ಕೆ ಹೋದ ಹಾಗೆ.

ಇನ್ನೂ ಕುತೂಹಲ ಇರುವವರಿಗೆ ಒಂದು ಸ್ಥೂಲ ಲೆಕ್ಕ. ಆಲ್ಟೇರಿನಲ್ಲಿದ್ದ ಇಂಟೆಲ್ 8080 ಚಿಪ್ಪಿನ ಗಡಿಯಾರ ಸೆಕೆಂಡಿಗೆ 20 ಲಕ್ಷ ಸಲ ಮಿಡಿಯುತ್ತದೆ. ಒಂದು ಸಂಖ್ಯೆಯಿಂದ ಒಂದನ್ನು ಕಳೆಯಲು ಅದಕ್ಕೆ 5 ಮಿಡಿತ ಬೇಕು. ‘ಸೊನ್ನೆ ಆಗಿಲ್ಲದಿದ್ದರೆ ಹಿಂದಕ್ಕೆ ಹೋಗು’ ಎಂಬ ಆಜ್ಞೆಗೆ 10 ಮಿಡಿತ. ಒಟ್ಟು 15. 880ರ ಸ್ವರ ಬೇಕಾದರೆ ಒಂದೊಂದು ಸುತ್ತಿಗೂ ಸುಮಾರು 2273 ಮಿಡಿತ ಬೇಕು. 15ರಿಂದ ಭಾಗಿಸಿ, ಹತ್ತಿರಹತ್ತಿರ ಒಂದೂವರೆ ನೂರು. ಅಷ್ಟರಿಂದ ಇಳಿಯೆಣಿಕೆ ಮಾಡುತ್ತಾ ಸೊನ್ನೆಗೆ ಬಂದು, ಮತ್ತೆ ಶುರು ಮಾಡುತ್ತಿದ್ದರೆ ಸ್ವರ ಬರುತ್ತದೆ. ಆದರೆ 151 ಎಂದು ಇಟ್ಟರೆ 883 ಬರುತ್ತದೆ, 152 ಎಂದರೆ 877. ಸರಿಯಾಗಿ 880 ಬರುವುದೇ ಇಲ್ಲ! ನಡುವೆ ಸಂಖ್ಯೆ ಇಲ್ಲವಲ್ಲ. ಇಂಥ ಸಂಗೀತದಲ್ಲಿ ಶ್ರುತಿ ಒಂದಿಷ್ಟು ಆಚೀಚೆ ಆಗುವುದು ಏಕೆಂದು ಈಗ ತಿಳಿಯಿತಲ್ಲ. ಸಂಗೀತ ಕಲಿತ ಕಿವಿಗೆ ಅದು ಕಿರಿಕಿರಿ ಅನ್ನಿಸಬಹುದು. ಆವತ್ತು ಯಾರೂ ದೂರಲಿಲ್ಲ.

ಡೊಂಪಿಯರ್ ಈ ಪ್ರೋಗ್ರಾಮನ್ನೂ ಎರಡೂ ಹಾಡುಗಳ ಸಂಖ್ಯೆಗಳನ್ನೂ ‘ಪೀಪಲ್ಸ್ ಕಂಪ್ಯೂಟರ್ ಕಂಪನಿ’ ಎಂಬ ಪತ್ರಿಕೆಯಲ್ಲಿ ಯಾರು ಬೇಕಾದರೂ ಬಳಸಲೆಂದು ಅಚ್ಚು ಹಾಕಿಸಿದರು. ಲೇಖನದ ಹೆಸರು ‘ಮ್ಯೂಸಿಕ್ ಆಫ್ ಎ ಸಾರ್ಟ್’. ಇಂಗ್ಲಿಷಿನಲ್ಲಿ ಇದಕ್ಕೆ ಎರಡು ಅರ್ಥ, ‘ಒಂಥರಾ ಸಂಗೀತ’ ಮತ್ತು ‘ವಿಂಗಡಣೆಯ ಸಂಗೀತ’. ಆಲ್ಟೇರಿಗಾಗಿ ಬೇಸಿಕ್ ಭಾಷೆ ಬರೆಯುತ್ತಿದ್ದ ಯುವಕ ಬಿಲ್ ಗೇಟ್ಸ್ ಇದನ್ನು ಮೆಚ್ಚಿ, ಆದರೆ ಇದು ಏಕೆ ಕೆಲಸ ಮಾಡುತ್ತದೆಂದು ಲೇಖಕರು ಹೇಳಿಲ್ಲ, ನನಗೂ ಗೊತ್ತಾಗುತ್ತಿಲ್ಲ, ಯಾರಿಗಾದರೂ ಗೊತ್ತೇ ಎಂದು ಆಲ್ಟೇರ್ ಬಳಕೆದಾರರ ಪತ್ರಿಕೆಯಲ್ಲಿ ಕೇಳಿದ್ದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಅಚ್ಚಿನಲ್ಲೇ ಹೇಳಿದ್ದು ನಮಗಂತೂ ಇಷ್ಟವಾಯಿತು.

‘ಪ್ರಪಂಚದಲ್ಲೇ ಮೊದಲು’ ಎಂಬುದು ನಿಜವೇ?

ಅಲ್ಲ. ಕಾಲು ಶತಮಾನದಷ್ಟು ತಡ.

ಆಸ್ಟ್ರೇಲಿಯಾದ ಸಿಡ್ನಿಯಲ್ಲಿದ್ದ ‘ಸಿಸಿರಾಕ್’ ಎಂಬ ಕಂಪ್ಯೂಟರಿನಲ್ಲಿ ಜೆಫ್ ಹಿಲ್ ಎಂಬ ಗಣಿತಜ್ಞರು ರಾಗ ನುಡಿಸಿದ್ದರು. 1951ರ ಆಗಸ್ಟ್‌ನಲ್ಲಿ ಅಲ್ಲಿ ನಡೆದ ಸಮ್ಮೇಳನದಲ್ಲಿ ಅದು ಎಲ್ಲರೆದುರು ಹಾಡಿತು. ಆಗಿನ ಧ್ವನಿಮುದ್ರಣ ಯಾವುದೂ ಉಳಿದಿಲ್ಲ. ಅದೇ ವರ್ಷ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಫೆರಾಂಟಿ ಮಾರ್ಕ್ 1 ಕಂಪ್ಯೂಟರ್ ನುಡಿಸಿದ ರಾಗಗಳನ್ನು ಬಿಬಿಸಿ ಮುದ್ರಿಸಿಕೊಂಡಿತು. ಆ ಮುದ್ರಣ ಉಳಿದಿದೆ. ಅದರ ವೇಗದ ದೋಷ ತಿದ್ದಿ 2016ರಲ್ಲಿ ಸರಿಪಡಿಸಿದ ರೂಪವೂ ಕೇಳಲು ಸಿಗುತ್ತದೆ. ಮ್ಯಾಂಚೆಸ್ಟರಿನಲ್ಲಿ ಪ್ರೋಗ್ರಾಮ್ ಬರೆದ ಕ್ರಿಸ್ಟೋಫರ್ ಸ್ಟ್ರೇಚಿ ಆಗ ಶಾಲಾ ಮಾಸ್ತರರಾಗಿದ್ದರು, ಅವರದ್ದೂ ಒಂದು ಥರದ ಹವ್ಯಾಸವೇ. ಆದರೆ ಈ ಎರಡೂ ಯಂತ್ರಗಳಿಗೆ ಸ್ಪೀಕರ್ ಇತ್ತು.

ಹಾಗಾದರೆ ರೇಡಿಯೋ ಉಪಾಯವಾದರೂ ಡೊಂಪಿಯರ್ ಅವರದ್ದೇ ಮೊದಲಿನದೋ? ಅದೂ ಅಲ್ಲ. ಐಸ್‌ಲ್ಯಾಂಡ್ ದೇಶಕ್ಕೆ 1964ರಲ್ಲಿ ಬಂದ ಐಬಿಎಂ 1401 ಯಂತ್ರವನ್ನು ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಯೋಹಾನ್ ಗುನ್ನಾರ್ಸನ್, ಯಂತ್ರದ ಮೆಮೊರಿ ಹೊರಸೂಸುವ ಅಲೆಯನ್ನು ರೇಡಿಯೋದಲ್ಲಿ ಹಿಡಿದು ರಾಗ ನುಡಿಸುತ್ತಿದ್ದರು. 1971ರಲ್ಲಿ ಯಂತ್ರ ನಿವೃತ್ತಿಯಾದಾಗ ಅದಕ್ಕೊಂದು ಬೀಳ್ಕೊಡುಗೆ ಸಮಾರಂಭವನ್ನೂ ಮಾಡಿದ್ದರು. ಅವರ ಧ್ವನಿಸುರುಳಿಗಳನ್ನು ಬಳಸಿ ಮಗ ಯೋಹಾನ್ ಯೋಹಾನ್ಸನ್ 2006ರಲ್ಲಿ ‘ಐಬಿಎಂ 1401, ಎ ಯೂಸರ್ಸ್ ಮ್ಯಾನ್ಯುಯಲ್’ ಎಂಬ ಆಲ್ಬಮ್ ಮಾಡಿದರು.

ಡೊಂಪಿಯರ್ ಅವರನ್ನು ‘ಸಂಯೋಜಕ’ ಎನ್ನುವುದೂ ಸ್ವಲ್ಪ ಉದಾರದ ಮಾತು. ಆವತ್ತಿನ ಎರಡೂ ರಾಗಗಳು ಬೇರೆಯವರವು. ಅವರ ಪಾಲಿಗೆ ಸಲ್ಲಬೇಕಾದದ್ದು ಇಷ್ಟು: ಕಾವಲುಗಾರರಿಲ್ಲದ, ಮನೆಯಲ್ಲೇ ಬೆಸುಗೆ ಹಾಕಿದ ಯಂತ್ರದಲ್ಲಿ, ಯಾರ ಅನುಮತಿಯೂ ಇಲ್ಲದೆ, ದೀಪ ಮಿನುಗಿಸುವುದಕ್ಕಿಂತ ಬೇರೆಯಾದದ್ದನ್ನು ಮಾಡಿ ತೋರಿಸಿದರು. ಮಾಡಿದ್ದನ್ನು ಎಲ್ಲರಿಗೂ ಹಂಚಿದರು. ನಮ್ಮ ಪ್ರಕಾರ ಇದು ‘ಮೊದಲಿಗ’ ಎಂಬ ಸುಳ್ಳು ಪಟ್ಟಕ್ಕಿಂತ ದೊಡ್ಡದು.

ಹಾಡು ನಿಂತದ್ದು ಏಕೆ?

ಹಾಡಿದ ಅಲೆಯೇ ಪಕ್ಕದ ಮನೆಯವರ ಟಿವಿಯನ್ನೂ ಕೆಡಿಸುತ್ತಿತ್ತು. ಮನೆಮನೆಗೆ ಕಂಪ್ಯೂಟರ್ ಬರತೊಡಗಿದಾಗ ಅಮೆರಿಕದ ಸಂಪರ್ಕ ಆಯೋಗ, ಅಂದರೆ ಎಫ್‌ಸಿಸಿ, ಇಂಥ ಯಂತ್ರಗಳು ಎಷ್ಟು ಅಲೆ ಚೆಲ್ಲಬಹುದೆಂದು ಮಿತಿ ಹಾಕಿತು. 1977ರಲ್ಲಿ ಬಂದ ಟಿಆರ್‌ಎಸ್-80 ಕಂಪ್ಯೂಟರಿನ ಕೆಲವು ಆಟಗಳಲ್ಲಿ ಸದ್ದಿಗಾಗಿ ಪಕ್ಕದಲ್ಲಿ ಎಎಂ ರೇಡಿಯೋ ಇಟ್ಟುಕೊಳ್ಳಿ ಎಂದೇ ಸೂಚನೆ ಇರುತ್ತಿತ್ತು. ಅಷ್ಟು ಚೆಲ್ಲುತ್ತಿದ್ದ ಅದರ ಮೊದಲ ಮಾದರಿಯನ್ನು ಹೊಸ ನಿಯಮ ಬಂದ ಮೇಲೆ 1981ರಲ್ಲಿ ಅಲ್ಲಿ ನಿಲ್ಲಿಸಬೇಕಾಯಿತು. ಅಷ್ಟರಲ್ಲಿ ಆಪಲ್ 2ರಂಥ ಯಂತ್ರಗಳೊಳಗೆ ಸಣ್ಣ ಸ್ಪೀಕರ್ ಬಂದು ಕೂತಿತ್ತು. ಸುತ್ತಿನ ಲೆಕ್ಕ ಮಾತ್ರ ಅಲ್ಲೂ ಅದೇ.

ಇದೇ ಸೋರಿಕೆಗೆ ಇನ್ನೊಂದು ಮುಖವಿದೆ. ಹಳೆಯ ದಪ್ಪ ಪರದೆಗಳು ಚೆಲ್ಲುವ ಅಲೆಯನ್ನು ದೂರದಿಂದ ಹಿಡಿದು ಪರದೆಯಲ್ಲಿ ಏನಿದೆ ಎಂದು ಓದಬಹುದೆಂದು 1985ರಲ್ಲಿ ನೆದರ್‌ಲ್ಯಾಂಡ್ಸ್‌ನ ವಿಮ್ ವಾನ್ ಎಕ್ ತೋರಿಸಿದರು. ಗುಟ್ಟು ಕಾಯುವ ಕಚೇರಿಗಳು ಯಂತ್ರಗಳಿಗೆ ಲೋಹದ ಹೊದಿಕೆ ಹಾಕುವುದು ಸುಮ್ಮನೆ ಅಲ್ಲ.

ನಿಮ್ಮ ಮನೆಯಲ್ಲೇ ಕೇಳಿ ನೋಡಿ

ಹಳೆಯ ಟ್ರಾನ್ಸಿಸ್ಟರ್ ಅಟ್ಟದ ಮೇಲಿದ್ದರೆ ಇಳಿಸಿ, ಸೆಲ್ ಹಾಕಿ. ಎಫ್‌ಎಂ ಬೇಡ, ಅದು ಅಲೆಯ ಬಲದ ಏರಿಳಿತವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಎಂ ಅಥವಾ ಮೀಡಿಯಂ ವೇವ್‌ಗೆ ಹಾಕಿ. ಬೆಂಗಳೂರು ಆಕಾಶವಾಣಿ 612ರಲ್ಲಿ, ಧಾರವಾಡ 765ರಲ್ಲಿ. ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿ, ರೇಡಿಯೋವನ್ನು ಲ್ಯಾಪ್‌ಟಾಪ್, ಫೋನ್ ಚಾರ್ಜರ್ ಅಥವಾ ಎಲ್‌ಇಡಿ ಬಲ್ಬಿನ ಹತ್ತಿರ ತನ್ನಿ. ಗುಯ್‌ಗುಡುವುದು ಕೇಳಿಸುತ್ತದೆ. ಲ್ಯಾಪ್‌ಟಾಪಿನಲ್ಲಿ ಏನಾದರೂ ಭಾರದ ಕೆಲಸ ಶುರು ಮಾಡಿದರೆ ಸದ್ದಿನ ಧಾಟಿ ಬದಲಾಗುವುದೂ ಉಂಟು. ರೇಡಿಯೋವನ್ನು ಅಡ್ಡಕ್ಕೆ, ಉದ್ದಕ್ಕೆ ತಿರುಗಿಸಿ ನೋಡಿ, ಒಂದು ದಿಕ್ಕಿನಲ್ಲಿ ಸದ್ದು ತಗ್ಗುತ್ತದೆ. ಒಳಗಿರುವ ಫೆರೈಟ್ ಕಡ್ಡಿಯ ಆಂಟೆನಾ ದಿಕ್ಕು ನೋಡಿ ಹಿಡಿಯುವುದರಿಂದ ಹೀಗಾಗುತ್ತದೆ. ಚಾರ್ಜರ್, ಬಲ್ಬುಗಳನ್ನು ಮಾತ್ರ ಬಿಚ್ಚಲು ಹೋಗಬೇಡಿ.

ಕೇಳಿದವರು ಕೇಳುವ ಮುಂದಿನ ಪ್ರಶ್ನೆ ನಮಗೆ ಗೊತ್ತು. ‘ಅಯ್ಯೋ, ಇಷ್ಟು ಸದ್ದು ಬರುತ್ತದೆ ಎಂದರೆ ರೇಡಿಯೇಶನ್ ಎಷ್ಟಿರಬೇಕು!’ ರೇಡಿಯೋ ಸದ್ದಿನಿಂದ ಅದನ್ನು ಅಳೆಯಲು ಬರುವುದಿಲ್ಲ. ನೂರಾರು ಕಿಲೋಮೀಟರ್ ದೂರದ ಸ್ಟೇಷನ್ನಿನ ಕ್ಷೀಣ ಅಲೆಯನ್ನೂ ಹಿಡಿದು ಲಕ್ಷಗಟ್ಟಲೆ ಪಟ್ಟು ಹಿಗ್ಗಿಸುವುದಕ್ಕೇ ರೇಡಿಯೋ ಇರುವುದು. ಅದಕ್ಕೆ ಜೋರಾಗಿ ಕೇಳಿಸಿದ್ದು ಮೈಗೆ ಲೆಕ್ಕಕ್ಕೇ ಇಲ್ಲದಷ್ಟು ಸಣ್ಣದಿರಬಹುದು. 2ಜಿ ಫೋನಿಗೆ ಕರೆ ಬರುವ ಮುಂಚೆ ಸ್ಪೀಕರಿನಲ್ಲಿ ‘ಟಿಟಿಟ್ ಟಿಟಿಟ್’ ಎಂದು ಬರುತ್ತಿದ್ದ ಸದ್ದಿಗೂ ಇದೇ ಮಾತು. ಆ ಫೋನುಗಳು ಸೆಕೆಂಡಿಗೆ ಸುಮಾರು 217 ಸಲ ತುಂಡುತುಂಡಾಗಿ ಅಲೆ ಕಳಿಸುತ್ತವೆ, ಸ್ಪೀಕರಿನ ವೈರ್ ಅದನ್ನು ಹಿಡಿದು 217ರ ಸ್ವರದಲ್ಲಿ ಗುನುಗುತ್ತದೆ. ಫೋನಿನ ಅಲೆ ಮೈಗೆ ಎಷ್ಟು ತಾಗುತ್ತದೆ ಎಂಬುದನ್ನು ಅಳೆಯುವ ಕ್ರಮವೇ ಬೇರೆ. ಅದಕ್ಕೆ ‘ಸಾರ್’ ಎಂದು ಹೆಸರು, ಭಾರತದಲ್ಲಿ ಅದರ ಮಿತಿ ಕಿಲೋಗೆ 1.6 ವ್ಯಾಟ್. ಹೆಚ್ಚಿನ ಫೋನುಗಳಲ್ಲಿ *#07# ಒತ್ತಿದರೆ ನಿಮ್ಮ ಫೋನಿನ ಸಂಖ್ಯೆ ಪರದೆಯ ಮೇಲೆ ಬರುತ್ತದೆ.